ಮಹಡಿ ಮನೆಗೊಂದು ಡಬ್ಬಿ ನೂಡಲ್ ಸೂಪು

ಮನೆಯ ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಕೊಟ್ಟ ಮರುದಿನದಿಂದಲೇ ಮನುಷ್ಯನ ಮೂಗಿಗೆ ಎಲ್ಲಿಲ್ಲದ ಶಕ್ತಿ ಬಂದುಬಿಡುತ್ತದೆ. ಇದು ನಾನು ಅನುಭವಿಸಿ ಹೇಳುತ್ತಿರುವ ಮಾತು. ಅದಕ್ಕೆ ಮೊದಲು ಒಲೆಯ ಮೇಲೆ ಹಾಲು ಸೀದು ಕರಿಯಾದರೂ ಪೇಪರಿನಿಂದ ತಲೆ ಎತ್ತದ ನಾನು, ಮಾಲೂರಿನ ನಮ್ಮ ಮಹಡಿಗೆ ಬಾಡಿಗೆದಾರರು ಬಂದ ಮೇಲೆ, ಮೆಟ್ಟಿಲಲ್ಲಿ ನಿಂತು ಮೇಲೆ ಬೇಯುತ್ತಿರುವುದು ತೊಗರಿಬೇಳೆಯೋ ಹೆಸರುಬೇಳೆಯೋ ಎಂದು ಹೇಳಬಲ್ಲವನಾದೆ. ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಹೇಳಿಕೊಟ್ಟು ರಿಟೈರಾದವನು ನಾನು. ಹೆದರಿಸುವುದಕ್ಕೆ ಹುಡುಗರಿಲ್ಲದ ಮೇಲೆ ನಿಯಮಗಳನ್ನು ಮಾಡಿ ಯಾರ ಮೇಲೆ ಹೇರುವುದು? ಹಾಗಾಗಿ ಬಾಡಿಗೆ ಕರಾರಿನಲ್ಲಿ ಹನ್ನೊಂದು ಅಂಶಗಳನ್ನು ಬರೆದೆ. ಒಂದನೆಯದು ಗೇಟಿಗೆ ಚಿಲಕ ಹಾಕುವುದು, ಎರಡನೆಯದು ನೀರಿನ ಮೋಟಾರು. ನಮ್ಮದು ಸಸ್ಯಾಹಾರಿಗಳ ಮನೆಯಾದ್ದರಿಂದ ಮೂರನೆಯದು ಮೊಟ್ಟೆ, ಮೀನು, ಮಾಂಸ ಬೇಯಿಸಕೂಡದು ಎಂಬುದು. ಇದರ ಕೆಳಗೆ ಮಾತ್ರ ಕೆಂಪು ಇಂಕಿನಲ್ಲಿ ಎರಡು ಗೆರೆ ಎಳೆದಿದ್ದೆ.

ಈಗ ಮೇಲಿರುವವನು ಜಪಾನಿನವನು. ನಮ್ಮ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಇಂಜಿನಿಯರ್. ಅವನ ಜೊತೆಗಾರರೆಲ್ಲ ಬೆಂಗಳೂರಿನಲ್ಲಿ ಮನೆ ಮಾಡಿ ಕಾರಿನಲ್ಲಿ ಓಡಾಡುತ್ತಾರೆ. ಇವನೊಬ್ಬ ಟ್ರಾಫಿಕ್ಕಿಗೆ ಹೆದರಿ ಮಾಲೂರಿನಲ್ಲೇ ಉಳಿದ. ಹೆಸರು ಕೆಂಜಿ. ನಮ್ಮ ಕಡೆ ಗಂಡಸಿನ ಹೆಸರಿಗೆ ಒಂದು ಅಪ್ಪ ಸೇರಿಸದಿದ್ದರೆ ಕರೆಯುವವರಿಗೇ ಸಮಾಧಾನವಿಲ್ಲ. ವಾರದೊಳಗೆ ನನ್ನ ಹೆಂಡತಿ ಸರೋಜ ಅವನನ್ನು ಕೆಂಜಪ್ಪ ಮಾಡಿದಳು. ಅವನೂ ಒಗ್ಗಿಹೋದ. ಕನ್ನಡ ಕಲಿತದ್ದು ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಕೆಲಸಗಾರರಿಂದ. ಹೀಗಾಗಿ ಒಂದು ಬೆಳಿಗ್ಗೆ ಗೇಟಿನ ಹತ್ತಿರ ನನ್ನೆದುರು ನಡು ಬಗ್ಗಿಸಿ ನಿಂತು, ಬಹಳ ಗೌರವದಿಂದ, “ಏನ್ಲಾ ಸಾರ್, ತಿಂಡಿ ಆಯ್ತಾ?” ಎಂದು ಕೇಳಿದ. ಒಳಗೆ ಸರೋಜ ನಕ್ಕ ಸದ್ದು ಬೀದಿಗೆ ಕೇಳಿಸಿತು.

ಕರಾರಿಗೆ ಸಹಿ ಹಾಕುವ ದಿನ ಅವನಿಗೆ ಈ ಕನ್ನಡವೂ ಬರುತ್ತಿರಲಿಲ್ಲ. ನನ್ನ ಇಂಗ್ಲಿಷು, ಅವನ ಇಂಗ್ಲಿಷು ಎರಡೂ ದೂರದಿಂದಲೇ ನಮಸ್ಕಾರ ಹೇಳಿಕೊಳ್ಳುವಂಥವು. ಮೂರನೇ ಅಂಶದ ಮೇಲೆ ಬೆರಳಿಟ್ಟು, “ಮದರ್... ನೂಡಲ್ ಸೂಪ್... ಸ್ಮಾಲ್ ಫಿಶ್” ಎಂದು, ಮೀನು ಎಷ್ಟು ಸಣ್ಣದೆಂದು ಎರಡು ಬೆರಳಿನ ನಡುವೆ ಅಳತೆ ತೋರಿಸಿದ. ಅಮ್ಮ ಮಾಡುವ ಸೂಪಿಗೆ ಒಂದಿಷ್ಟು ಒಣಮೀನು ಬೇಕಾಗುತ್ತದೆ, ಅಷ್ಟಕ್ಕೆ ಅಡ್ಡಿಯಿಲ್ಲವಲ್ಲ ಎಂದು ಕೇಳುತ್ತಿದ್ದಾನೆಂದು ನನಗೆ ಅರ್ಥವಾಯಿತು. ಉತ್ತರವಾಗಿ ನನ್ನ ಮೂಗನ್ನು ಹಿಡಿದು ತೋರಿಸಿದೆ. ಅವನು ತಲೆ ಬಾಗಿಸಿ ಸಹಿ ಹಾಕಿದ. ಆಮೇಲೆ ಎರಡು ವರ್ಷ ಮೇಲಿನಿಂದ ಅನ್ನ, ಬೇಯಿಸಿದ ತರಕಾರಿ ಬಿಟ್ಟು ಬೇರೆ ವಾಸನೆ ಬರಲಿಲ್ಲ. “ನೋಡು, ಶಿಸ್ತು ಅಂದ್ರೆ ಇದು” ಎಂದು ಸರೋಜಳಿಗೆ ಹೇಳುತ್ತಿದ್ದೆ, ಜಪಾನಿಗೆ ಶಿಸ್ತು ಕಲಿಸಿದವನೇ ನಾನು ಎನ್ನುವ ಹಾಗೆ.

ಕಳೆದ ವರ್ಷ ಅವನ ತಾಯಿ ತೀರಿಕೊಂಡರು. ಆ ವಾರ ಅವರ ಸೀಮೆಯಲ್ಲಿ ದೊಡ್ಡ ಬಿರುಗಾಳಿ; ವಿಮಾನಗಳೆಲ್ಲ ನಿಂತುಹೋಗಿದ್ದವು. ಅಕ್ಕ ಒಬ್ಬಳೇ ನಿಂತು ಎಲ್ಲ ಮುಗಿಸಿದಳಂತೆ, ನಲವತ್ತೊಂಬತ್ತನೇ ದಿನದ ಕಾರ್ಯಕ್ಕೆ ಬಾ ಎಂದಳಂತೆ. ವಿಷಯ ತಿಳಿದು ಮೇಲೆ ಹೋದೆ. “ಸಾರಿ” ಎಂದೆ. ಅವನು “ಪರವಾಗಿಲ್ಲ ಸಾರ್” ಎಂದು ನನ್ನನ್ನೇ ಸಮಾಧಾನ ಮಾಡಿ ಕಳಿಸಿದ.

ಸರೋಜ ಆಂಧ್ರ ಗಡಿಯ ರಾಯಲ್ಪಾಡಿನ ಕಡೆಯವಳು. ಸಂಕಟವಾದರೆ ಅವಳ ಬಾಯಲ್ಲಿ ಮೊದಲು ಬರುವುದು ತೆಲುಗು. “ಅಯ್ಯೋ ಪಾಪಂ” ಎಂದು ಕಣ್ಣೊರೆಸಿಕೊಂಡವಳು ಆ ಕ್ಷಣದಿಂದಲೇ ಅಡುಗೆಮನೆ ಹೊಕ್ಕಳು. “ಸಾವಾಗಿರೋ ಮನೇಲಿ ಒಲೆ ಹಚ್ಚಕೂಡ್ದು ಕಣ್ರೀ. ನೆಂಟ್ರು ಅಡುಗೆ ಮಾಡಿ ಕೊಟ್ಟು ಕಳಿಸ್ಬೇಕು. ಆ ಹುಡುಗನಿಗೆ ಇಲ್ಲಿ ಯಾರಿದ್ದಾರೆ ನೆಂಟ್ರು? ನಾವೇ ಅಲ್ವಾ?” ಅಂದಳು. ಮೊದಲ ದಿನ ಅನ್ನ, ತಿಳಿಸಾರು ಹೋಯಿತು. ಎರಡನೇ ದಿನ ಮೊಸರನ್ನ. ಮೂರನೇ ದಿನ ಉಪ್ಪಿಟ್ಟು. ಪಾತ್ರೆಗಳು ತೊಳೆದು ಫಳಫಳ ಹೊಳೆಯುತ್ತ ವಾಪಸು ಬರುತ್ತಿದ್ದವು. ಆದರೆ ಮೂರನೇ ದಿನ ಸಂಜೆ ಕಸದ ಬುಟ್ಟಿ ನೋಡಿದ ಸರೋಜ ಸೆರಗು ಬಾಯಿಗೆ ಒತ್ತಿಕೊಂಡು ಬಂದಳು. “ಎಲ್ಲಾ ಹಂಗೇ ಕವರಲ್ಲಿ ಕಟ್ಟಿ ಹಾಕವ್ನೆ ರೀ. ನಮಗೆ ಬೇಜಾರಾಗ್ತದೆ ಅಂತ ಪಾತ್ರೆ ತೊಳೆದು ಕೊಟ್ಟವ್ನೆ. ಮೂರು ದಿನದಿಂದ ಒಂದು ತುತ್ತು ಒಳಗೆ ಹೋಗಿಲ್ಲ. ಅವರಮ್ಮ ಮಾಡ್ತಿದ್ದಂಥದ್ದು ಏನಾದ್ರೂ ಎಲ್ಲಿಂದಾದ್ರೂ ತಂದ್ಕೊಡ್ರೀ, ನಿಮ್ಮ ದಮ್ಮಯ್ಯ.”

ಅವರಮ್ಮ ಮಾಡುತ್ತಿದ್ದದ್ದು ಏನೆಂದು ನನಗೆ ಗೊತ್ತಿತ್ತು. ಬೇಡವೆಂದು ಮೂಗು ಹಿಡಿದು ತೋರಿಸಿದವನೂ ನಾನೇ.

ಫೋನಿನಲ್ಲಿ ಬೆಂಗಳೂರಿನ ಉತ್ತಮ ನೂಡಲ್ ಸೂಪ್ ಹೋಟೆಲುಗಳನ್ನು ಹುಡುಕಿದೆ. ಸಿಕ್ಕಿದ್ದೆಲ್ಲ ಉತ್ತಮವೇ. ಜಪಾನಿನದು, ಕೊರಿಯಾದ್ದು, ವಿಯೆಟ್ನಾಮಿನದು, ಎಲ್ಲಕ್ಕೂ ನಾಲ್ಕೂವರೆ ನಕ್ಷತ್ರ. ಒಬ್ಬರೂ ಫೇಲಾಗದ ತರಗತಿಯನ್ನು ನಾನು ನನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ಖುದ್ದಾಗಿ ಹೋಗಿ ರುಚಿ ನೋಡಿಯೇ ತರಬೇಕೆಂದು ತೀರ್ಮಾನಿಸಿದ ಮೇಲೆ ಹೊಳೆಯಿತು: ಹುಟ್ಟಿದಾರಭ್ಯ ಮೀನು ಮುಟ್ಟದವನು ಮೀನಿನ ಸೂಪಿನ ರುಚಿ ನೋಡುವುದು ಹೇಗೆ? ನಮ್ಮ ಶಾಲೆಯಲ್ಲೇ ಡ್ರಾಯಿಂಗ್ ಮೇಷ್ಟ್ರಾಗಿದ್ದ ಅನ್ವರ್ ಸಾಹೇಬರ ಮನೆಗೆ ಹೋಗಿ ವಿಷಯ ತಿಳಿಸಿದೆ. “ನಡೀರಿ ಮೇಷ್ಟ್ರೇ, ಹೋಗೋಣ” ಎಂದು ಅವರು ಆಗಲೇ ಚಪ್ಪಲಿ ಮೆಟ್ಟಿದರು. “ಆದ್ರೆ ಹಂದಿ ಹಾಕಿರೋ ಕಡೆ ನಾನೂ ನಿಮ್ಮ ಥರಾನೇ, ಬರೀ ನೋಡೋದು.”

ಹೀಗೆ, ತಿನ್ನಲೇಬಾರದ ಒಬ್ಬ ಮತ್ತು ತಿನ್ನಬಹುದೋ ಇಲ್ಲವೋ ಕೇಳಿ ತಿನ್ನಬೇಕಾದ ಒಬ್ಬ, ಇಬ್ಬರು ಮುದುಕರು ಮರುದಿನ ಮಾಲೂರಿನಲ್ಲಿ ಬೆಳಗಿನ ರೈಲು ಹತ್ತಿ ಮಹಾನಗರದ ಅತ್ಯುತ್ತಮ ನೂಡಲ್ ಸೂಪನ್ನು ಹುಡುಕಲು ಹೊರಟೆವು. ನಾನು ಕಂಡುಕೊಂಡ ಉಪಾಯವೆಂದರೆ ತಿನ್ನುವವರ ಮುಖ ನೋಡುವುದು. ಉತ್ತರ ಓದದೆ ಅಂಕ ಕೊಡುವುದು ನನಗೇನೂ ಹೊಸದಲ್ಲ. ಮೊದಲನೇ ಹೋಟೆಲಿನಲ್ಲಿ ಹುಡುಗ ಹುಡುಗಿಯರು ಬಟ್ಟಲನ್ನು ಹೀಗೆ ತಿರುಗಿಸಿ ಹಾಗೆ ತಿರುಗಿಸಿ ಫೋಟೋ ತೆಗೆಯುತ್ತಿದ್ದರು. ಸೂಪು ಆರಿ ಕೆನೆಗಟ್ಟಿತು, ಫೋಟೋ ಮುಗಿಯಲಿಲ್ಲ. ಎದ್ದು ಬಂದೆವು. ಎರಡನೆಯದರಲ್ಲಿ ಬಡಿಸುವವನು ನಮ್ಮನ್ನು ನೋಡಿದ್ದೇ ಬೇಡವೆಂದರೂ ಕೇಳದೆ ವೆಜ್ ಸೂಪು ತಂದಿಟ್ಟ. ನೂಡಲ್ಸನ್ನು ಕಡ್ಡಿಯಿಂದ ಎತ್ತಿದೆ. ಒಂದು ತುದಿ ಬಾಯಲ್ಲಿ, ಇನ್ನೊಂದು ತುದಿ ಎಲ್ಲಿದೆಯೆಂದು ಯಾರಿಗೂ ತಿಳಿಯದು. ಮುದ್ದೆ ನುಂಗಿ ಅಭ್ಯಾಸವಾದ ಗಂಟಲು, ಅಗಿಯದೆ ನುಂಗಲು ಹೋಗಿ ಅರ್ಧದಲ್ಲಿ ಸಿಕ್ಕಿಕೊಂಡು ಕಣ್ಣಲ್ಲಿ ನೀರು ಬಂತು. ಅನ್ವರ್ ಸಾಹೇಬರು ಬೆನ್ನು ಗುದ್ದುತ್ತ, “ಮೇಷ್ಟ್ರೇ, ಒಂದೇ ವಾರದಲ್ಲಿ ಎರಡು ಸಾವು ಬೇಡ” ಅಂದರು.

ಮೂರನೆಯದು ಒಂದು ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ ಐದಾರು ಮೇಜಿನ ಚಿಕ್ಕ ಜಾಗ. ಅಲ್ಲಿ ಫೋಟೋ ಇಲ್ಲ, ಮಾತಿಲ್ಲ. ಆಫೀಸಿನ ಶರ್ಟು ಹಾಕಿದ ನಾಲ್ಕೈದು ಜನ ಜಪಾನಿಯರು ಬೇರೆ ಬೇರೆ ಮೇಜಿನಲ್ಲಿ ತಲೆ ತಗ್ಗಿಸಿ ಸೊರಸೊರ ಎಂದು ಎಳೆದುಕೊಳ್ಳುತ್ತಿದ್ದರು. ಅವರಲ್ಲಿ ವಯಸ್ಸಾದವನೊಬ್ಬ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕೊನೆಯ ಹನಿಯವರೆಗೆ ಕುಡಿದು, ಕೆಳಗಿಟ್ಟು, ಕಣ್ಣು ಮುಚ್ಚಿ ಸುಮ್ಮನೆ ಕೂತ. ಅವನು ಅಷ್ಟು ಹೊತ್ತು ಎಲ್ಲಿಗೆ ಹೋಗಿದ್ದನೋ, ಬೆಂಗಳೂರಿನಲ್ಲಂತೂ ಇರಲಿಲ್ಲ. ಇದೇ ಎಂದುಕೊಂಡೆ. ಇಲ್ಲಿ ಬರೀ ಮೀನು ಎಂದು ಖಾತ್ರಿ ಮಾಡಿಕೊಂಡು ಅನ್ವರ್ ಸಾಹೇಬರು ಎರಡು ಚಮಚ ಕುಡಿದರು. “ಉಪ್ಪು, ಖಾರ ಎರಡನ್ನೂ ಊರಲ್ಲೇ ಮರೆತು ಬಂದವ್ರೆ ಮೇಷ್ಟ್ರೇ. ಆದ್ರೆ ಕಾಯಿಲೆ ಬಿದ್ದಾಗ ಕುಡಿಸ್ತಾರಲ್ಲ, ಅಂಥದ್ದು. ತಗೊಳ್ಳಿ” ಅಂದರು.

ಹೋಟೆಲಿನವರು ಬಲ್ಲವರು, ನೂಡಲ್ಸು ಬೇರೆ, ಸೂಪು ಬೇರೆ ಕಟ್ಟಿಕೊಟ್ಟರು. ನಾನು ಅವರಿಗಿಂತ ಬಲ್ಲವನು. ರೈಲ್ವೆ ಸ್ಟೇಷನ್ನಿನ ಬೆಂಚಿನಲ್ಲಿ ಕೂತು ಎರಡನ್ನೂ ಸರೋಜ ಕೊಟ್ಟಿದ್ದ ಸ್ಟೀಲ್ ಡಬ್ಬಿಗೆ ಸುರಿದು ಮುಚ್ಚಳ ಬಿಗಿದೆ. ಸಾರಿನಲ್ಲಿ ಎಷ್ಟು ನೆನೆದರೆ ಅಷ್ಟು ರುಚಿ ಎಂದು ಅನ್ವರ್ ಸಾಹೇಬರಿಗೆ ವಿಜ್ಞಾನವನ್ನೂ ವಿವರಿಸಿದೆ. ರೈಲಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಮುಚ್ಚಳದ ಸಂದಿಯಿಂದ ಮೀನಿನ ವಾಸನೆ ಬರುತ್ತಿತ್ತು. ಜೀವಮಾನವಿಡೀ ಬೈದುಕೊಂಡ ವಾಸನೆ, ಈಗ ಚೆಲ್ಲದಿರಲಿ ದೇವರೇ ಎಂದು ಬೇಡಿಕೊಳ್ಳುತ್ತ ಅದನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ.

ಸಂಜೆ ನಾನೂ ಸರೋಜಳೂ ಮೇಲೆ ಹೋದೆವು. ಕೆಂಜಪ್ಪ ನೆಲದ ಮೇಲೆ ಕೂತಿದ್ದ. ಗೋಡೆಗೆ ಒರಗಿಸಿದ ಒಂದು ಸಣ್ಣ ಫೋಟೋ, ಮುಂದೆ ಒಂದು ಲೋಟ ನೀರು. ಫೋಟೋದಲ್ಲಿ ಕನ್ನಡಕ ಹಾಕಿದ ಹೆಂಗಸು, ಸರೋಜಳ ವಯಸ್ಸಿನವರೇ. ನಾನು ಡಬ್ಬಿ ಮುಂದಿಟ್ಟು, “ಅಮ್ಮನ ಸೂಪು. ಮೀನು ಹಾಕಿರೋದು” ಎಂದು ಮುಚ್ಚಳ ತೆಗೆದೆ. ಒಳಗೆ ಸೂಪು ಇರಲಿಲ್ಲ. ನೂಡಲ್ಸು ಇದ್ದಬದ್ದ ಸೂಪನ್ನೆಲ್ಲ ಕುಡಿದು, ಉಬ್ಬಿ, ಒಂದಕ್ಕೊಂದು ಅಂಟಿ ಗಟ್ಟಿಯಾಗಿ ಕೂತಿತ್ತು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕೆನ್ನಿಸಿತು. ಅವನು ಡಬ್ಬಿಯೊಳಗೆ ಇಣುಕಿ, ನನ್ನ ಮುಖ ನೋಡಿ, “ಮುದ್ದೆ ಸಾರ್” ಎಂದ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ಒಂದಿಷ್ಟು ನಗು ಬಂತು. ಆಮೇಲೆ ಚಮಚದಲ್ಲಿ ಕಿತ್ತು ಕಿತ್ತು ತಿಂದ. ತಿನ್ನುತ್ತ ಅಳುತ್ತಿದ್ದ, ಅಳುತ್ತ ತಿನ್ನುತ್ತಿದ್ದ. ಪೂರ್ತಿ ತಿಂದ. ಸರೋಜ ಬಾಗಿಲಿಗೆ ಆತುಕೊಂಡು, “ತಿನ್ನು ನಾಯ್ನಾ, ತಿನ್ನು” ಎಂದು ಹೆತ್ತ ಮಗನಿಗೆ ಹೇಳುವ ಹಾಗೆ ಹೇಳುತ್ತಲೇ ಇದ್ದಳು.

ನನ್ನ ಮನಸ್ಸು ಆ ಹೊತ್ತಿಗೆ ಕರಗಿ ನೀರಾಗಿತ್ತು. ಇಷ್ಟರ ಮೇಲೆ ಒಂದು ದೊಡ್ಡ ಉಪಕಾರ ಮಾಡದೆ ಇಳಿಯುವುದು ಹೇಗೆ? ಗಂಟಲು ಸರಿಮಾಡಿಕೊಂಡು, “ಕೆಂಜಪ್ಪ, ಇವತ್ತಿಂದ ಮೂರನೇ ರೂಲು ಇಲ್ಲ. ಒಲೆ ಹಚ್ಚೋ ದಿನ ಬಂದ ಮೇಲೆ, ಇಲ್ಲೇ ಮೀನು ಹಾಕಿ ಅಮ್ಮನ ಸೂಪು ಮಾಡ್ಕೊ. ಯಾರೂ ಏನೂ ಅನ್ನಲ್ಲ” ಎಂದು ಘೋಷಿಸಿದೆ.

ಅವನು ಕೂತಲ್ಲೇ ನೆಲಕ್ಕೆ ಹಣೆ ತಾಗುವಂತೆ ಬಾಗಿದ. “ಥ್ಯಾಂಕ್ಸ್ ಸಾರ್” ಎಂದು, ಮಾತು ಮಾತಿಗೂ ತಡೆದು ಹೇಳಿದ: “ಆದ್ರೆ ನಂಗೆ ಮಾಡಕ್ಕೆ ಬರಲ್ಲ ಸಾರ್. ಅಮ್ಮ ಫೋನಲ್ಲಿ ಹೇಳ್ಕೊಡ್ತೀನಿ ಅಂದಿದ್ರು. ಪ್ರತಿ ಸಂಡೇ ಕೇಳೋರು, ‘ಓನರ್ ಒಪ್ಪಿದ್ರಾ?’ ಅಂತ. ನಾನು, ‘ಓನರ್ ಬಾಳಾ ಒಳ್ಳೇವ್ರು, ಒಪ್ತಾರೆ ಇರು’ ಅಂತಿದ್ದೆ.”

ಸರೋಜ ನನ್ನ ಕಡೆ ನೋಡಲಿಲ್ಲ. ಅವನು ಫೋಟೋದ ಕಡೆ ತಿರುಗಿ, ಕೈ ಜೋಡಿಸಿ, ತನ್ನ ಭಾಷೆಯಲ್ಲಿ ಮೆಲ್ಲಗೆ ಏನೋ ಅಂದ. ಏನಂದೆಯಪ್ಪಾ ಎಂದು ಕೇಳಿದೆ. ಕೇಳಬಾರದಿತ್ತು.

“ಓನರ್ ಒಪ್ಪಿದ್ರು ಅಂತ ಅಮ್ಮಂಗೆ ಹೇಳ್ದೆ ಸಾರ್” ಅಂದ.

ಬಾಳಾ ಒಳ್ಳೆಯ ಓನರ್ ಖಾಲಿ ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದು ಬಂದ.