ಕಾಶಿಯ ಕರುವಿನ ದನಿಯನ್ನು ನಲವತ್ತು ದಿನಗಳಲ್ಲಿ ಇಳಿಸುವ ಬಗ್ಗೆ

ಇಂದ:
ಪ್ರಾಜಕ್ತಾ ಜಿನೇಂದ್ರ ಮಗದುಮ್, ಬಿ.ಎಸ್ಸಿ.,
ಅಟ್ಟದ ಕೋಣೆ, ಕರೋಶಿ, ತಾ. ಚಿಕ್ಕೋಡಿ

ಗೆ:
ಶ್ರೀ ಜಿನೇಂದ್ರ ಬಾಹುಬಲಿ ಮಗದುಮ್,
ಹಾಲಿನ ಡೇರಿಯ ಸೆಕ್ರೆಟರಿಗಳು ಹಾಗೂ ಅರ್ಜಿದಾರಳ ತಂದೆಯವರು,
ಅದೇ ಮನೆ, ಕೆಳಗಿನ ಪಡಸಾಲೆ

ವಿಷಯ: ಕಾಶಿ ಎಂಬ ಎಮ್ಮೆಗೆ ಕೇಳಿಸುತ್ತಿರುವ ಕರುವಿನ ದನಿಯನ್ನು ಹಂತಹಂತವಾಗಿ ನಿಲ್ಲಿಸಲು ಅನುಮತಿ ಕೋರಿ.

ಉಲ್ಲೇಖ: ನಿನ್ನೆ ಉಪ್ಪಿಟ್ಟು ತಿನ್ನುತ್ತ ತಾವು ಹೊರಡಿಸಿದ ಮೌಖಿಕ ಆದೇಶ: "ಸೋಮವಾರ ಡೇರಿ ಮಂದಿ ಬರ್ತಾರ. ಆ ದನಿ ಎಲ್ಲಾರ ಮೊಬೈಲಿಗೂ ಹಾಕಿ ಕೊಡು."

ಮಾನ್ಯರೇ, ಅಪ್ಪಾ,

ಎದುರು ನಿಂತು ಹೇಳಲು ಬಾಯಿ ಬಾರದ ಕಾರಣ, ಬರೆದುಕೊಟ್ಟಿದ್ದನ್ನು ಮಾತ್ರ ತಾವು ಪೂರ್ತಿ ಓದುವವರಾದ ಕಾರಣ, ಅರ್ಜಿದಾರಳು ನಿವೇದಿಸಿಕೊಳ್ಳುವುದೇನೆಂದರೆ:

1. ಕಾಶಿಯ ಕರು ಹುಟ್ಟಿದ ಹನ್ನೊಂದನೇ ದಿನ ಭೇದಿಯಾಗಿ ತೀರಿಕೊಂಡಿತು. ಅಂದಿನಿಂದ ಕಾಶಿ ಹಾಲು ಇಳಿಸಲಿಲ್ಲ. ಬಕೆಟ್ ಕಂಡರೆ ಒದೆಯಿತು. ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಎಮ್ಮೆಯ ಎದುರು ನಿಲ್ಲಿಸುವುದು ಊರ ವಾಡಿಕೆ. ಹಿಂದಿನ ಮನೆಯ ಮಲಕಾರಿ ಕಾಕಾ, "ತೊಗಲ ಕೊಡ್ರಿ ಆಯಿ, ಸಂಜಿಗೆ ಕರಾ ಮಾಡಿ ತರ್ತೀನಿ" ಎಂದು ಮುಂದೆ ಬಂದರು. ತಮ್ಮ ತಾಯಿಯವರಾದ ಸೋನಾಬಾಯಿ ಆಯಿ, "ನಾವು ಜೈನರಪಾ. ಸತ್ತ ಕೂಸಿನ ತೊಗಲ ತಾಯಿ ಮುಂದ ಹಿಡಿಯೂದಿಲ್ಲ" ಎಂದು ಪ್ರಸ್ತಾವವನ್ನು ತಿರಸ್ಕರಿಸಿದರು.

2. ಆದ್ದರಿಂದ, ದಿನವಿಡೀ ಲ್ಯಾಪ್‌ಟಾಪಿನ ಸಿಂಥಸೈಜರಿನಲ್ಲಿ ಟುಂಯ್ ಟುಂಯ್ ಮಾಡುವವಳೆಂದು ಮನೆಯಲ್ಲಿ ಹೆಸರಾದ ಅರ್ಜಿದಾರಳು ಕರುವಿನ ದನಿ ತಯಾರಿಸಲು ಕುಳಿತಳು. ದನಿ ಏಳಲು ಹಿಡಿಯುವ ಹೊತ್ತಿಗೆ ಅಟ್ಯಾಕ್ ಎನ್ನುತ್ತಾರೆ. ಏರಿದ ಮೇಲೆ ಇಳಿಯುವುದಕ್ಕೆ ಡಿಕೇ, ಇಳಿದು ನಿಲ್ಲುವ ಮಟ್ಟಕ್ಕೆ ಸಸ್ಟೇನ್, ಒತ್ತಿದ ಕೀ ಬಿಟ್ಟ ಮೇಲೂ ಉಳಿಯುವ ಬಾಲಕ್ಕೆ ರಿಲೀಸ್. ಮೊದಲ ಸಲ ಅಟ್ಯಾಕನ್ನು ಸೊನ್ನೆಗಿಟ್ಟಾಗ ಟಂಟಂ ಗಾಡಿಯ ಹಾರ್ನ್ ಆಯಿತು. ಕಾಶಿ ಹಗ್ಗ ಕಿತ್ತಿತು. ಎರಡನೇ ಸಲ ರಿಲೀಸ್ ಉದ್ದವಾಗಿ ದನಿ ಸೈರನ್ನಿನಂತೆ ಎಳೆಯಿತು; "ಇದು ಕರಾ ಅಲ್ಲಬೇ, ಸಕ್ಕರಿ ಕಾರಖಾನಿ ಭೋಂಗಾ" ಎಂದು ಆಯಿ ಷರಾ ಬರೆದರು. ಮೂರನೆಯದರಲ್ಲಿ ದನಿ ತುಸು ಅನುಮಾನಿಸುತ್ತ ಎದ್ದಿತು. ಹಸಿದ ಗಂಟಲಿನಂತೆ, ಪ್ರತಿ ಸಲವೂ ಬೇರೆ ಬೇರೆಯಾಗಿ ನಡುಗಿತು. ಕಾಶಿ ಕಿವಿ ಮುಂದೆ ಮಾಡಿತು. ಹಾಲು ಬಂತು.

3. ಅಂದು ತಾವು, "ಟುಂಯ್ ಟುಂಯ್ ಉಪಯೋಗಕ್ಕ ಬಂತಲ್ಲ ಮಗಳ" ಎಂದಿರಿ. ಅರ್ಜಿದಾರಳು ಅದನ್ನು ಡೈರಿಯಲ್ಲಿ ಎರಡು ಸಲ ಬರೆದುಕೊಂಡಿದ್ದಾಳೆ.

4. ಆದರೆ ದನಿ ಹಚ್ಚಿದ ಒಂಬತ್ತನೇ ದಿನದಿಂದ ಕಾಶಿ ಕೊಟ್ಟಿಗೆಯಲ್ಲಿಟ್ಟ ಸ್ಪೀಕರನ್ನು ನೆಕ್ಕುತ್ತಿದೆ. ಹಸಿಗರುವನ್ನು ನೆಕ್ಕುವಂತೆ, ಮೂಲೆ ಬಿಡದೆ. ದನಿ ನಿಲ್ಲಿಸಿದರೆ ಅಟ್ಟದ ಕಡೆ ಮುಖ ಮಾಡಿ ತಾಸುಗಟ್ಟಲೆ ಕೂಗುತ್ತದೆ. ಅಟ್ಟದಲ್ಲಿ ಇರುವವಳು ಅರ್ಜಿದಾರಳೊಬ್ಬಳೇ. ತೊಗಲು ಬೇಡವೆಂದ ಮನೆಯಲ್ಲಿ ಗಂಟಲು ಮಾತ್ರ ಹೇಗೆ ನಡೆದೀತು ಎಂದು ಆಯಿಯವರನ್ನು ಕೇಳಲಾಗಿ, "ಸುಳ್ಳ ಹೇಳೀವಿ, ಖರೆ. ಈಗ ಒಮ್ಮಿಗೇ ಖರೇ ಹೇಳಿದ್ರ ಅದು ತಡಕೊಳ್ಳಾಂಗಿಲ್ಲ" ಎಂದರು.

5. ಕಾರಣ, ನಲವತ್ತು ದಿನಗಳ ಅವಧಿಯಲ್ಲಿ ದಿನಕ್ಕಿಷ್ಟು ಸಸ್ಟೇನ್ ತಗ್ಗಿಸಿ, ನಡುಕ ಕಡಿಮೆ ಮಾಡಿ, ಕರು ಬೆಳೆದಂತೆ ದನಿಯನ್ನು ದಪ್ಪಗೊಳಿಸಿ, ಕೊನೆಗೆ ಮೇಯಲು ದೂರ ಹೋದಂತೆ ಕೇಳಿಸಲಾಗುವುದು. ಅಷ್ಟರಲ್ಲಿ ಆಯಿಯವರು ಕೆಚ್ಚಲು ನೀವಿ, ತಮ್ಮದೇ ಕೈಗೆ ಹಾಲು ಇಳಿಸುವುದನ್ನು ಕಾಶಿಗೆ ರೂಢಿ ಮಾಡಿಸುವರು. ಇದ್ದಿದ್ದರೆ ಆ ಕರುವೂ ಒಂದು ದಿನ ಮೊಲೆ ಬಿಡುತ್ತಿತ್ತು. ಹಾಲು ಕಡಿಮೆಯಾದಲ್ಲಿ ಅರ್ಜಿದಾರಳ ಚಹಾದಲ್ಲಿ ಮುರಿದುಕೊಳ್ಳತಕ್ಕದ್ದು.

6. ಆದ್ದರಿಂದ ಉಲ್ಲೇಖಿತ ಆದೇಶವನ್ನು ಹಿಂಪಡೆಯಬೇಕು. ದನಿಯನ್ನು ಯಾರಿಗೂ ಹಂಚಬಾರದು. ಕರು ಸತ್ತವರು ಮನೆಗೇ ಬಂದರೆ ಅರ್ಜಿದಾರಳು ಈ ಬಿಡಿಸುವ ಕ್ರಮ ಸಮೇತ ಕಲಿಸಿಕೊಡುವಳು. ಒಂದು ಸಲಕ್ಕೆ ಇಬ್ಬರಿಗೆ ಮೀರಬಾರದು, ಕಲಿಸುವಾಗ ಬಂದವರಿಗೆ ಬೆನ್ನು ತಿರುಗಿಸಿ ಕೂರಲು ಅವಳಿಗೆ ಅವಕಾಶವಿರಬೇಕು.

ಇಂತು, ತಮ್ಮ ವಿಶ್ವಾಸಿಯೂ ಹಿರಿಯ ಮಗಳೂ ಆದ
ಪ್ರಾಜಕ್ತಾ

ಲಗತ್ತುಗಳು:
ಅ) ನಲವತ್ತು ದನಿಗಳಿರುವ ಪೆನ್‌ಡ್ರೈವ್, ಒಂದು.
ಆ) ನೆಕ್ಕಿದ ಸ್ಪೀಕರ್, ಒಂದು (ಒರೆಸಿಲ್ಲ).
ಇ) ಡೈರಿಯ ಒಂದು ಹಾಳೆ. ಶಾಯಿ ಬಳಿದ ಸಾಲನ್ನು ಬೆಳಕಿಗೆ ಹಿಡಿದು ಓದಬಾರದು.

ವಿ.ಸೂ.: ಅರ್ಜಿ ನಾಮಂಜೂರಾದಲ್ಲಿ ಆ ನಾಮಂಜೂರಿ ಆದೇಶವನ್ನು ನಾಳೆ ಬೆಳಗಿನ ಐದೂವರೆಗೆ ಕೊಟ್ಟಿಗೆಗೆ ಬಂದು, ದನಿ ನಿಲ್ಲಿಸಿದ ಕೂಡಲೇ, ತಾವೇ ಖುದ್ದಾಗಿ ಕಾಶಿಗೆ ತಿಳಿಸಬೇಕಾಗಿ ವಿನಂತಿ.