ಕೌದಿಗೆ ಬಂದ ಕರೆಂಟಿನ ಮಷಿನ್

ಹಳೆಯ ಸಾಮಾನುಗಳನ್ನು ಹಾಡಿ ಹೊಗಳುವ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಇಂಡಿ ಎಂಬ ಊರಿನ ಒಂದು ಸರಕಾರಿ ಕಚೇರಿಯಲ್ಲಿದ್ದಾಗ, ಸಿಂದಗಿ ಕಡೆಯ ಹಿರಿಯ ಗುಮಾಸ್ತರೊಬ್ಬರು ಪಕ್ಕದ ಮೇಜಿನಲ್ಲಿದ್ದರು. ಅವರ ಪ್ರಕಾರ ಈಗಿನ ಕೊಡೆ ಕೊಡೆಯಲ್ಲ, ಈಗಿನ ಮಸಿ ಮಸಿಯಲ್ಲ, ಈಗಿನ ಬದನೆಕಾಯಿಗೆ ಹಿಂದಿನ ಬದನೆಕಾಯಿಯ ಮರ್ಯಾದೆಯಿಲ್ಲ. ಅವರ ಕೊಡೆಯಲ್ಲಾದರೋ ಬಟ್ಟೆಗಿಂತ ತೂತೇ ಹೆಚ್ಚು. ಮಳೆ ಬಂತೆಂದರೆ ಅದನ್ನು ಕಂಕುಳಲ್ಲಿ ಜೋಪಾನ ಮಾಡಿ, ನನ್ನ ಹೊಸ ಕೊಡೆಯ ಕೆಳಗೆ ನುಸುಳುತ್ತಿದ್ದರು. ಇಂಥವರ ನಡುವೆ ಊರಿಗೆಲ್ಲ ಆಧುನಿಕ ಮನುಷ್ಯನೆಂದರೆ ನಾನೊಬ್ಬನೇ ಎಂದು ನಂಬಿದ್ದೆ. ಮನೆಯಲ್ಲಿ ಟ್ರಾನ್ಸಿಸ್ಟರ್ ಇತ್ತು. ಗ್ಯಾಸ್ ಒಲೆಗೆ ಹೆಸರು ಬರೆಸಿದ್ದೆ. ಒಲೆ ಇನ್ನೂ ಬಂದಿರಲಿಲ್ಲ, ಹೆಸರು ಬರೆಸಿದ ಹಮ್ಮು ಮಾತ್ರ ಆಗಲೇ ಬಂದಿತ್ತು.

ಈ ಹಮ್ಮಿಗೆ ಮನೆಯೊಳಗಿದ್ದ ಒಂದೇ ಕಳಂಕ ಅವ್ವನ ಹೊಲಿಗೆ ಮಷಿನ್. ಮುದ್ದೇಬಿಹಾಳದ ತವರಿನಿಂದ ಮದುವೆಯಾದ ವರ್ಷ ಅವಳ ಜೊತೆ ಚಕ್ಕಡಿಯಲ್ಲಿ ಬಂದದ್ದು. ಕರಿ ಮೈ, ಮಾಸಿಹೋದ ಹೂಬಳ್ಳಿ, ಬಲಗಡೆ ಕೈಯಿಂದ ತಿರುಗಿಸುವ ಹಿಡಿ. ತಿರುಗಿಸಿದರೆ ಮುದುಕರು ಅಡಿಕೆ ಕುಟ್ಟಿದ ಹಾಗೆ ಸದ್ದು. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅವ್ವ ಅದರಲ್ಲೇ ಕೌದಿ ಹೊಲಿಯುತ್ತಿದ್ದಳು. ಓಣಿಯ ಉಳಿದ ಹೆಂಗಸರು ಕೈಸೂಜಿಯಲ್ಲಿ ಹೊಲಿಯುತ್ತಿದ್ದರು. ಅಂದರೆ ಅವಳ ಕಾಲಕ್ಕೆ ಅವಳೇ ದೊಡ್ಡ ಆಧುನಿಕಳು. ಇಷ್ಟು ಸಣ್ಣ ಸಂಗತಿ ಆಗ ನನ್ನ ತಲೆಗೆ ಹೊಳೆಯಲಿಲ್ಲ, ಯಾಕೆಂದರೆ ತಲೆಯ ತುಂಬ ಬುದ್ಧಿವಂತಿಕೆ ತುಂಬಿತ್ತು.

ಮಗಳು ಗಿರಿಜಾ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಐದು ತಿಂಗಳ ಕೂಸನ್ನೂ ಅವಳನ್ನೂ ಕರೆದೊಯ್ಯಲು ಬೀಗಿತ್ತಿ ಬಸವನ ಬಾಗೇವಾಡಿಯಿಂದ ಬರುವ ದಿನ ಗೊತ್ತಾಗಿತ್ತು. ಕೂಸಿನ ಜೊತೆ ಕೌದಿ ಹೋಗಲೇಬೇಕು. ಕೌದಿಯಿಲ್ಲದೆ ಮರಿಮಗಳನ್ನು ಹೊಸ್ತಿಲು ದಾಟಿಸುವುದು ಅವ್ವನ ಮಟ್ಟಿಗೆ ಆಗದ ಮಾತು. ಅವಳು ಬೆನ್ನು ಬಗ್ಗಿಸಿ ಹಿಡಿ ತಿರುಗಿಸುವುದನ್ನು ನೋಡಿ ನನಗೆ ಕನಿಕರ ಬಂತು ಎಂದು ಹೇಳಿದರೆ ಚಂದ, ಆದರೆ ಬಂದದ್ದು ನಾಚಿಕೆ. ಬೀಗರು ಬಂದಾಗ ಆ ಕರಿ ಡಬ್ಬಿ ಪಡಸಾಲೆಯಲ್ಲಿ ಕಾಣಬೇಕೇ? ಬಿಜಾಪುರಕ್ಕೆ ಹೋದೆ. ಅಂಗಡಿಯವನು ಮೋಟಾರಿನ ಹೊಸ ಮಷಿನ್ ತೋರಿಸಿದ. ಕಾಲಿನಿಂದ ಒತ್ತಿದರೆ ಗುಂಯ್ ಎನ್ನುತ್ತದೆ, ಗುಂಡಿ ತಿರುವಿದರೆ ಹೊಲಿಗೆ ಬದಲಾಗುತ್ತದೆ. ತೆಳ್ಳನೆಯ ಕರವಸ್ತ್ರದ ಮೇಲೆ ಸಾಲಾಗಿ ಬಾತುಕೋಳಿಗಳನ್ನು ಹೊಲಿದು ತೋರಿಸಿದ. ನಮ್ಮ ವಂಶದಲ್ಲಿ ಯಾರಿಗೂ ಎಂದೂ ಬಾತುಕೋಳಿಯ ಅಗತ್ಯ ಬಿದ್ದಿರಲಿಲ್ಲ. ಆದರೂ ಅವನ್ನು ನೋಡಿ ಮರುಳಾಗಿ, ಮಷಿನ್ ಕೊಂಡು ಮನೆಗೆ ತಂದೆ.

"ಅವ್ವಾ, ಆ ಕರಿ ಡಬ್ಬಿ ಇನ್ನ ಗುಜರಿಗೆ ಹಾಕು," ಎಂದೆ.

"ಹಾಕೋಣಂತ. ಮೊದಲ ಇದು ಕೌದಿ ಹೊಲೀಲಿ."

"ಕೌದಿ ಏನು, ಇದು ಬಾತುಕೋಳಿ ಹೊಲಿತೈತಿ!"

"ಕೂಸು ಬಾತುಕೋಳಿ ಹೊಚಗೊಂಡು ಮಲಗಾಂಗಿಲ್ಲಪಾ," ಎಂದು ಅವ್ವ ತನ್ನ ಹಿಡಿ ತಿರುಗಿಸತೊಡಗಿದಳು.

ಬೀಗಿತ್ತಿ ಬರುವ ದಿನ ಬೆಳಿಗ್ಗೆ ಕೌದಿಯ ಕೊನೆಯ ಮೂಲೆಯೊಂದೇ ಉಳಿದಿತ್ತು. ನಮ್ಮಲ್ಲಿ ಆ ಮೂಲೆ ಮುಚ್ಚುವ ಮೊದಲು ಒಳಗೆ ರೊಟ್ಟಿಯ ಚೂರು ಇಡುತ್ತಾರೆ. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದಂತೆ. ಇಂಥ ನಂಬಿಕೆಗಳನ್ನು ಕಚೇರಿಯಲ್ಲಿ ಕೂತು ನಾನು ಎಷ್ಟು ಸಲ ಗೇಲಿ ಮಾಡಿದ್ದೇನೋ ಲೆಕ್ಕವಿಲ್ಲ. ಆದರೂ ಅವ್ವ ಸ್ನಾನಕ್ಕೆ ಹೋದ ಹೊತ್ತು ನೋಡಿ, ಅವಳ ಶಾಸ್ತ್ರವನ್ನೂ ಮುಗಿಸಿ ನನ್ನ ಮಷಿನ್ನಿನ ಪ್ರತಾಪವನ್ನೂ ತೋರಿಸಿಬಿಡೋಣವೆಂದು ಕೌದಿ ಎತ್ತಿಕೊಂಡೆ. ಅವ್ವ ಇಡುತ್ತಿದ್ದದ್ದು ಬಿಸಿ ರೊಟ್ಟಿಯ ಉಗುರಿನಷ್ಟು ಮೆತ್ತನೆಯ ಚೂರು. ನನ್ನ ಕೈಗೆ ಸಿಕ್ಕಿದ್ದು ವಾರದ ಹಿಂದಿನ, ಒಣಗಿ ಗಟ್ಟಿಯಾದ ಕಟಕ ರೊಟ್ಟಿ. ಇಡುವುದಾದರೆ ಧಾರಾಳವಾಗಿ ಇಡಬೇಕೆಂದು ಅಂಗೈಯಗಲ ಮುರಿದು ತುರುಕಿ, ಕಾಲಿನಿಂದ ಒತ್ತಿದೆ. ಗುಂಯ್ ಎಂದಿತು. ಟಕ್ ಎಂದಿತು. ಸೂಜಿ ಅರ್ಧ ಮಾತ್ರ ಉಳಿದಿತ್ತು.

ಒದ್ದೆ ಕೂದಲಲ್ಲೇ ಅವ್ವ ಓಡಿಬಂದಳು. "ಮುರಿದ ಮೊನಿ ಎಲ್ಲೈತಿ?"

"ಎಲ್ಲರ ಹಾರಿರಬೇಕು."

"ಕೂಸಿನ ಮೈಮ್ಯಾಲೆ ಹಾಕೂ ಕೌದ್ಯಾಗ ‘ಇರಬೇಕು’ ನಡ್ಯಾಂಗಿಲ್ಲ. ಮೊನಿ ಸಿಗೂತನಕಾ ಇದು ಮನಿ ಬಿಡಾಂಗಿಲ್ಲ, ಕೂಸೂ ಬಿಡಾಂಗಿಲ್ಲ. ಬಿಚ್ಚು."

ಗಿರಿಜಾ ಕೂಸನ್ನು ಎದೆಗವಚಿಕೊಂಡು ಬಾಗಿಲ ಆಚೆ ಹೋಗಿ ನಿಂತಳು. ಮಗಳು ನನ್ನಿಂದ ಹಾಗೆ ದೂರ ಸರಿದದ್ದು ಅದೇ ಮೊದಲು. ನನಗೆ ನಿಜವಾಗಿ ಹೆದರಿಕೆಯಾಯಿತು. ನೆಲವನ್ನೆಲ್ಲ ಅಂಗೈಯಿಂದ ಸವರಿದೆ, ಬ್ಲೇಡು ಹಿಡಿದು ಹೊಲಿಗೆ ಬಿಚ್ಚಿದೆ. ರೇಡಿಯೋದ ಸ್ಪೀಕರಿನಲ್ಲಿ ಅಯಸ್ಕಾಂತ ಇರುತ್ತದೆಂದು ಎಲ್ಲೋ ಓದಿದ್ದು ನೆನಪಾಗಿ, ಟ್ರಾನ್ಸಿಸ್ಟರನ್ನು ಕೌದಿಯ ಮೇಲೆ ಆಡಿಸತೊಡಗಿದೆ.

"ಕೌದಿಗೆ ವಾರ್ತೆ ಕೇಳಸಾಕತ್ತಿ ಏನು?" ಎಂದಳು ಅವ್ವ.

ಕೊನೆಗೆ ಅವಳೇ ಆ ರೊಟ್ಟಿಯ ತುಂಡನ್ನು ಹೊರಗೆ ತೆಗೆದು, ಬೆಳಕಿಗೆ ಹಿಡಿದು, ಮುರಿದಳು. ಮೊನೆ ಅದರೊಳಗೆ ಸಿಕ್ಕಿಕೊಂಡಿತ್ತು. ಅರ್ಧ ಸೂಜಿಗೆ ಮೊನೆಯನ್ನು ಕೂಡಿಸಿ ನೋಡಿ, ಅಳತೆ ಸರಿಯಾಯಿತೆಂದು ಖಾತ್ರಿಯಾದ ಮೇಲೆಯೇ ಗಿರಿಜಾ ಒಳಗೆ ಬಂದಳು. ಆಮೇಲೆ ಅವ್ವ ಕರಿ ಮಷಿನ್ನಿನ ಮುಂದೆ ಕೂತಳು. ದಪ್ಪ ಜಾಗ ಬಂದಾಗ ಹಿಡಿಯನ್ನು ಒಂದೊಂದೇ ಹೊಲಿಗೆಗೆ ನಿಲ್ಲಿಸಿ, ಬೆರಳಿಂದ ಮುಟ್ಟಿ ನೋಡಿ, ಮುಂದೆ ಸರಿಯುತ್ತಿದ್ದಳು. ಅವಳ ಕೈ ನಿಂತಲ್ಲಿ ಮಷಿನ್ ನಿಲ್ಲುತ್ತಿತ್ತು. ನನ್ನದು ಕಾಲು ತೆಗೆದ ಮೇಲೂ ನಾಲ್ಕು ಹೊಲಿಗೆ ಮುಂದೆ ಓಡುವ ಜಾತಿಯದು, ಥೇಟ್ ಯಜಮಾನನ ಹಾಗೆ.

ಮಧ್ಯಾಹ್ನದ ಬಸ್ಸಿಗೆ ಬೀಗಿತ್ತಿ ಬಂದರು. ಊಟವಾದ ಮೇಲೆ ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು, "ಏನ್ ಹೊಲಿಗಿರೀ ಇದು! ಯಾರು ಹೊಲದಾರ್ರಿ?" ಎಂದು ಕೇಳಿದರು.

"ನನ್ನ ಮಗ ಹೊಲದಾನ್ರಿ," ಎಂದಳು ಅವ್ವ, ಎಲೆಗೆ ಸುಣ್ಣ ಹಚ್ಚುತ್ತ. "ಹೊಸಾ ಮಷಿನ್ ತಂದಾನ."

ಅಲ್ಲವೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬೀಗಿತ್ತಿ, "ಗಂಡಸರು ಹಿಂಗ ಕೌದಿ ಹೊಲಿಯೂದು ನಾ ಎಲ್ಲೂ ನೋಡಿಲ್ಲ ಬಿಡ್ರಿ," ಎಂದುಬಿಟ್ಟರು. ತೆರೆದ ಬಾಯಿ ತಾನಾಗಿಯೇ, "ಹೊಸಾ ಮಷಿನ್ ಅಂದ್ರ ಹಂಗರೀ, ಒಂದ ಸ್ವಲ್ಪ ಕೈ ಕುದರಬೇಕು," ಎಂದಿತು. ಗಿರಿಜಾ ಕೆಮ್ಮು ಬಂದವಳಂತೆ ಒಳಗೆ ಓಡಿದಳು. "ಹಂಗಾದ್ರ ನನಗೂ ಒಂದ ಹೊಲಕೊಡ್ರಿ," ಎಂದರು ಬೀಗಿತ್ತಿ. "ಅದಕ್ಕೇನ್ರಿ!" ಎಂದೆ.

ಅವರನ್ನು ಬಸ್ಸಿಗೆ ಹತ್ತಿಸಿ ಮನೆಗೆ ಬಂದರೆ, ಪಡಸಾಲೆಯಲ್ಲಿ ಹಳೆಯ ಸೀರೆಗಳು ಪದರು ಪದರಾಗಿ ಹಾಸಿದ್ದವು. ಕರಿ ಮಷಿನ್ನಿನ ಮುಂದೆ ಮಣೆ ಹಾಕಿತ್ತು.

"ಕುಂದರು," ಎಂದಳು ಅವ್ವ.

"ನಾ ಯಾಕವ್ವಾ?"

"ನೀ ಹೊಲದಿ ಅಂತ ಬೀಗರ ಮುಂದ ಹೇಳೇನಿ. ಈ ವಯಸ್ಸಿನ್ಯಾಗ ನನ್ನ ಮಾತು ಸುಳ್ಳಾಗಬಾರ್ದು."

ಕುಳಿತೆ. ಮೊದಲ ಸಾಲು ಸೊಟ್ಟಗೆ ಬಂತು. ಅವ್ವ ಬಿಚ್ಚಿಸಿದಳು.