ಫೋರ್‌ಮನ್ನರ ಬೆರಳು

ಮಾತು ನಿಂತವರ ಮನೆಗೆ ಹೋಗಿ, ಚಿತ್ರದ ಬೋರ್ಡ್ ಮುಟ್ಟಿ ತೋರಿಸಿ ಬೇಕಾದ್ದು ಕೇಳುವುದನ್ನು ಕಲಿಸುವುದು ನನ್ನ ಕೆಲಸ. ಅಲ್ಲೆಲ್ಲ ನಗೆಪಾಟಲಾಗುವವರು ಮಾತು ಬರುವವರೇ. ರಾಜಗೋಪಾಲನಗರದ ಒಂದೇ ಮನೆಯಲ್ಲಿ ಇಷ್ಟು ನಡೆಯಿತು.

೧. ತಟ್ಟೆಯಲ್ಲಿ ಬರ್ಗರ್

ಯಜಮಾನರು ಗದಗದ ಕಡೆಯವರು, ಪೀಣ್ಯದ ಲೇತ್ ಶಾಪೊಂದರಲ್ಲಿ ಫೋರ್‌ಮನ್ ಆಗಿದ್ದವರು. ಸ್ಟ್ರೋಕ್ ಆಗಿ ಬಲಗೈಯೂ ಮಾತೂ ಹೋಗಿದ್ದವು. ಬುದ್ಧಿ ಎಲ್ಲಿಗೂ ಹೋಗಿರಲಿಲ್ಲ.

ನಾನು ಒಯ್ದ ಮೊದಲ ಬೋರ್ಡ್ ನೆಟ್‌ನಿಂದ ಇಳಿಸಿಕೊಂಡದ್ದು. ಊಟಕ್ಕೆ ಬರ್ಗರ್, ಸ್ನಾನಕ್ಕೆ ನೊರೆ ತುಂಬಿದ ಟಬ್ಬು. ಅವರು ಅದನ್ನು ಎಡಗೈಯಲ್ಲಿ ಹಿಡಿದು, ಅಳತೆ ತಪ್ಪಿದ ಪಾರ್ಟ್ ನೋಡುವಂತೆ ನೋಡಿ, ನನಗೇ ವಾಪಸ್ ಕೊಟ್ಟರು.

ಹೆಂಡತಿ ಸಮಾಧಾನ ಹೇಳಿದರು: "ಬ್ಯಾಸರ ಮಾಡ್ಕೋಬ್ಯಾಡ್ರಿ ಮೇಡಂ. ಶಾಪಿನ್ಯಾಗೂ ಎಲ್ಲಾರಿಗೂ ಹಿಂಗ ಮಾಡ್ತಿದ್ರು."

೨. ಯಾರಕಿ?

ಎರಡನೆಯ ಬೋರ್ಡಿಗೆ ಅವರದೇ ಮನೆಯ ರೊಟ್ಟಿ, ಬಕೆಟ್ಟು, ಚಹಾದ ಲೋಟದ ಫೋಟೊ ತೆಗೆದು ಅಂಟಿಸಿದೆ. ಅದು ಪಾಸಾಯಿತು. ಆದರೆ ಅಳಿಯನಿಗೆ ಹಿಡಿಸಲಿಲ್ಲ. ಆತ ಮಾರತ್ತಹಳ್ಳಿಯ ಐಟಿ ಕಂಪನಿಯಲ್ಲಿ ಮ್ಯಾನೇಜರ್. ರಟ್ಟಿನ ಬೋರ್ಡ್ ನೋಡಿ ನನ್ನ ಬಗ್ಗೆ ಕನಿಕರಪಟ್ಟು, ಮುಂದಿನ ಭಾನುವಾರ ಒಂದು ಟ್ಯಾಬ್ಲೆಟ್ ತಂದ. ಚಿತ್ರ ಒತ್ತಿದರೆ ಅದೇ ಮಾತಾಡುತ್ತದೆ.

ಮಾವ ನೀರಿನ ಚಿತ್ರ ಒತ್ತಿದರು. ಅಮೆರಿಕದ ಹೆಣ್ಣೊಬ್ಬಳು ತನಗೆ ಬಾಯಾರಿಕೆಯಾಗಿದೆಯೆಂದು ಇಂಗ್ಲಿಷಿನಲ್ಲಿ ಉಲಿದಳು.

ಅಡುಗೆಮನೆಯಿಂದ ಹೆಂಡತಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. "ಯಾರಕಿ?"

ಅಮೆರಿಕದಾಕೆ ಆ ಸಂಜೆಯೇ ಅಳಿಯನ ಬ್ಯಾಗಿನಲ್ಲಿ ಮಾರತ್ತಹಳ್ಳಿಗೆ ಮರಳಿದಳು.

೩. ಶಿಫ್ಟ್ ಬಿಟ್ಟ ಮೇಲೆ

ಶಿಫ್ಟ್ ಬಿಟ್ಟ ಮೇಲೆ ಶಾಪಿನ ಹಳೆಯ ಜೊತೆಗಾರರು ಬಂದು ಕೂರುತ್ತಿದ್ದರು. ಫೋರ್‌ಮನ್ನರು ದಿನವಿಡೀ ಬಾಗಿಲು ನೋಡುತ್ತಿದ್ದದ್ದು ಅವರಿಗಾಗಿಯೇ. ಬಂದವರು ಕಿವುಡರಿಗೆ ಹೇಳುವಂತೆ ಕಿರುಚುತ್ತಿದ್ದರು. ಕಿವಿ ಚೆನ್ನಾಗಿದೆ, ಕಿರುಚಬೇಡಿ, ಬೋರ್ಡ್ ಬಳಸಿ ಎಂದೆ.

ಬಳಸಿದರು. ಒಬ್ಬ ಚಹಾದ ಚಿತ್ರದ ಮೇಲೆ ಬೆರಳಿಟ್ಟು ಗಂಭೀರವಾಗಿ ಕೂತ. ಚಹಾ ಬಂತು. ಮರುದಿನ ಎಲ್ಲರೂ ಬೆರಳಿಟ್ಟರು. ವಾರ ಕಳೆಯುವಷ್ಟರಲ್ಲಿ ಒಬ್ಬ ನನ್ನನ್ನು ಹೊರಗೆ ಕರೆದು, "ಮೇಡಂ, ಮೆಣಸಿನಕಾಯಿ ಬಜ್ಜಿದೊಂದು ಚಿತ್ರ ಹಾಕ್ಬಿಡಿ, ಅಣ್ಣಂಗೆ ಭಾಳ ಇಷ್ಟ" ಎಂದ.

ಅಣ್ಣನಿಗೆ ಕರಿದದ್ದನ್ನು ಡಾಕ್ಟರು ನಿಲ್ಲಿಸಿ ತಿಂಗಳುಗಳಾಗಿದ್ದವು.

೪. ಸ್ವಂತ ಆಯ್ಕೆ

ಮಾವನನ್ನು ಮಾರತ್ತಹಳ್ಳಿಯ ಏಳನೇ ಮಹಡಿಗೆ ಕರೆದೊಯ್ಯುವುದೆಂದು ಅಳಿಯ ತೀರ್ಮಾನಿಸಿದ. ಅಲ್ಲಿಗೆ ಶಾಪಿನವರು ಯಾರೂ ಬರಲಾರರು. ಟ್ರಾಫಿಕ್ ದಾಟಿ ಬಂದರೂ ಗೇಟಿನ ಸೆಕ್ಯೂರಿಟಿ ಬಿಡುವುದಿಲ್ಲ. ಎಲ್ಲ ತೀರ್ಮಾನವಾದ ಮೇಲೆ ಮಾವನ ಅಭಿಪ್ರಾಯ ಕೇಳಬೇಕೆಂದು ಆತನಿಗೆ ಹೊಳೆಯಿತು. ನನ್ನನ್ನೂ ಕರೆಸಿ, ಎರಡು ಕಲರ್ ಪ್ರಿಂಟ್ ಮುಂದಿಟ್ಟ. ಒಂದರಲ್ಲಿ ಈಜುಕೊಳ, ಇನ್ನೊಂದರಲ್ಲಿ ಗಾರ್ಡನ್. ಎರಡೂ ಆತನ ಅಪಾರ್ಟ್‌ಮೆಂಟಿನವೇ.

"ನೀವೇ ಆರಿಸಿ ಮಾವ. ಪೂಲ್ ಕಡೆ ರೂಮಾ, ಗಾರ್ಡನ್ ಕಡೆ ರೂಮಾ?"

'ಬೇಡ' ಅನ್ನುವುದಕ್ಕೂ ಒಂದು ಚಿತ್ರ ಇರಬೇಕಲ್ಲ ಎಂದೆ.

"ನೆಗೆಟಿವ್ ಆಪ್ಷನ್ ಯಾಕೆ ಮೇಡಂ?"

ಮಾವ ಎರಡೂ ಹಾಳೆಗಳನ್ನು ಮಗುಚಿಟ್ಟರು. ಕೈ ತಾಗಿತೇನೋ ಎಂದು ಅಳಿಯ ಮತ್ತೆ ತಿರುಗಿಸಿಟ್ಟ. ಅವರು ಮತ್ತೆ ಮಗುಚಿದರು. ಮೂರನೆಯ ಸಲ ಆತ ಹಾಳೆಗೆ ಕೈಹಾಕಿದಾಗ ಅವರು ಎಡಗೈ ಎತ್ತಿ, ನೇರವಾಗಿ ಬೀದಿಬಾಗಿಲಿಗೆ ಬೆರಳು ಮಾಡಿದರು. ಕೈ ಇಳಿಸಲಿಲ್ಲ.

ಅಳಿಯನ ಮುಖ ಅರಳಿತು. "ನೋಡಿದ್ರಾ ಮೇಡಂ? ಹೊರಡೋಣ ಅಂತಿದ್ದಾರೆ."

ನಾನು ವಿವರಿಸಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅತ್ತೆ ಆತನ ಬ್ಯಾಗನ್ನು ತಂದು ಕೈಗೆ ಕೊಟ್ಟರು.

"ಹೌದ್ರಿ ಅಳಿಯಂದ್ರ, ಹೊಂಡ್ರಿ ಅನ್ನಾಕತ್ತಾರ. ನಿಮಗ."